ನೈಕ್ವಿಸ್ಟನ ಹೊಲದಾಚೆಯ ಶಾಲೆ

ಶಾಲೆ ಬಸ್ಸಿಗೆ ಬಳಿದ ಹಳದಿ ಬಣ್ಣದ ಮಾತು ಎತ್ತಿದರೆ ಡ್ಯಾರೆಲ್ ಝೌಬೆಕ್‌ಗೆ ಇವತ್ತಿಗೂ ಕಿವಿ ಕೆಂಪಾಗುತ್ತದೆ. ಅವನ ಊರು ಲಿಪ್ನಿಕ್‌ನ ಶಾಲೆಯನ್ನು ಮುಚ್ಚಿ ಓಸ್ಟರ್ವಿಕ್ ಶಾಲೆಯೊಳಗೆ ಸೇರಿಸಿದಾಗ, ಶಾಲೆಗೆ ಎರಡೂ ಊರಿನ ಹೆಸರು ಉಳಿಯುತ್ತದೆ ಎಂದು ಮಾತು ಕೊಟ್ಟಿದ್ದರು. ಉಳಿಯಿತು, ಓಸ್ಟರ್ವಿಕ್ ಮುಂದೆ, ಲಿಪ್ನಿಕ್ ಹಿಂದೆ. ಅಷ್ಟಕ್ಕೇ ಅವನಿಗೆ ಮೈ ಉರಿದಿತ್ತು. ಆಮೇಲೆ ಒಂದು ಬೇಸಿಗೆಯಲ್ಲಿ ಬಸ್ಸುಗಳಿಗೆಲ್ಲ ಹೊಸ ಬಣ್ಣ ಹೊಡೆಸಿದರು. ಹಿಂದಿದ್ದ ಹೆಸರು ಮಾಯವಾಯಿತು. ಕೇಳಿದವರಿಗೆ, ಅಷ್ಟುದ್ದ ಬರೆದರೆ ಯಾರೂ ಓದುವುದಿಲ್ಲ ಎಂದರಂತೆ. ಬಳಿದವನಾದರೂ ನೆಟ್ಟಗೆ ಬಳಿದನೇ? ಬಣ್ಣ ಎಷ್ಟು ತೆಳ್ಳಗಿತ್ತೆಂದರೆ ಸಂಜೆಯ ಓರೆಬಿಸಿಲು ಬಿದ್ದಾಗ ಹಳದಿಯ ಅಡಿಯಿಂದ ಲಿಪ್ನಿಕ್ ಅಕ್ಷರಗಳು ಮೇಲೆದ್ದು ಬರುತ್ತಿದ್ದವು. ಕೊಂದದ್ದು ಕೊಂದರು, ಹೂಳುವುದನ್ನಾದರೂ ಸರಿಯಾಗಿ ಹೂಳಬಾರದಿತ್ತೇ ಎಂದು ಡ್ಯಾರೆಲ್ ಸಿಕ್ಕಸಿಕ್ಕವರ ಮುಂದೆ ಹಾರಾಡುತ್ತಿದ್ದ.

ಮುಚ್ಚುವುದಕ್ಕೆ ಕೈ ಎತ್ತಿದವರಲ್ಲಿ ಮೊದಲನೆಯವನು ಶಾಲಾ ಮಂಡಳಿಯ ಅಧ್ಯಕ್ಷ ಎಲ್ಡನ್ ನೈಕ್ವಿಸ್ಟ್. ಎಪ್ಪತ್ತು ದಾಟಿದ, ಕಡಿಮೆ ಮಾತಿನ ಸ್ವೀಡಿಷ್ ಮುದುಕ. ಬೇರೆ ಎಲ್ಲಾದರೂ ಇದ್ದಿದ್ದರೆ ಬೈದು ಮರೆಯಬಹುದಿತ್ತು. ಆದರೆ ಡ್ಯಾರೆಲನ ಎಂಬತ್ತು ಎಕರೆ ಹುಲ್ಲುಗಾವಲಿನ ಬಡಗಣ ಬೇಲಿಯ ಆಚೆ ಇರುವುದೇ ಅವನ ಜಮೀನು. ನೆಬ್ರಾಸ್ಕಾದ ಈ ಕೀಲರ್ ಕೌಂಟಿಯ ಜಲ್ಲಿ ರಸ್ತೆಯಲ್ಲಿ ಎದುರುಬದುರು ಗಾಡಿ ಬಂದರೆ ಸ್ಟಿಯರಿಂಗ್ ಮೇಲಿಂದ ತೋರುಬೆರಳು ಎತ್ತುವುದು ಉಸಿರಾಡಿದಷ್ಟು ಸಹಜ. ದನದ ಡಾಕ್ಟರಿಗೆ ಎತ್ತುತ್ತಾರೆ, ತೆರಿಗೆ ಹಾಕುವವನಿಗೂ ಎತ್ತುತ್ತಾರೆ, ಯಾರೆಂದು ಗೊತ್ತಿಲ್ಲದವನಿಗೂ ಎತ್ತುತ್ತಾರೆ. ಲಿಪ್ನಿಕ್ ಶಾಲೆಗೆ ಬೀಗ ಬಿದ್ದ ದಿನದಿಂದ ಡ್ಯಾರೆಲ್ ಎಲ್ಡನ್‌ಗೆ ಬೆರಳು ಎತ್ತಲಿಲ್ಲ. ಎಲ್ಡನ್ ಕೆಲವು ಕಾಲ ಎತ್ತಿದ. ಆಮೇಲೆ ಅವನೂ ಬಿಟ್ಟ.

ಡ್ಯಾರೆಲ್ ಓದಿದವನಲ್ಲ. ಹತ್ತನೇ ತರಗತಿಯಲ್ಲಿದ್ದಾಗ ಅವನಪ್ಪನ ಕಾಲು ಜೋಳ ಕೀಳುವ ಯಂತ್ರಕ್ಕೆ ಸಿಕ್ಕಿತು. ಆ ಹಂಗಾಮಿಗೆಂದು ಶಾಲೆ ಬಿಟ್ಟವನು ಮತ್ತೆ ಹೋಗಲಿಲ್ಲ. ವೆಲ್ಡಿಂಗ್ ಕಲಿತ. ಸುತ್ತಲಿನ ಹೊಲಗಳಲ್ಲಿ ಚಕ್ರದ ಮೇಲೆ ತಿರುಗುತ್ತಾ ನೀರುಣಿಸುವ ಉದ್ದನೆಯ ಯಂತ್ರಗಳು ಕೆಟ್ಟರೆ ಬೆಳಗಾಗುವ ಮೊದಲೇ ಅವನಿಗೆ ಫೋನು ಬರುತ್ತದೆ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಒಮ್ಮೆ ಫೋನ್ ಕಂಪನಿಯವರು ಬಹಳ ಹೊತ್ತು ಸಂಗೀತ ಕೇಳಿಸಿದರೆಂದು ಫೋನನ್ನೇ ದನ ನೀರು ಕುಡಿಯುವ ತೊಟ್ಟಿಗೆ ಎಸೆದಿದ್ದ. ಹತ್ತನೇ ತರಗತಿಗೇ ಬಿಟ್ಟರೂ ತನಗೇನೂ ಕಡಿಮೆಯಾಗಿಲ್ಲ ಎಂಬುದು ಅವನು ಊಟದ ಮೇಜಿನಲ್ಲಿ ಮೇಲಿಂದ ಮೇಲೆ ಹೇಳುತ್ತಿದ್ದ ಮಾತು. ಆ ಮಾತು ತಿರುಗಿ ಬಂದು ಎದೆಗೆ ಬಡಿದದ್ದು ಮಗಳು ಜೋಸಿಯ ಬಾಯಿಂದ.

ಮಂಡಳಿಯವರು ಖರ್ಚು ಉಳಿಸಲೆಂದು ಎರಡು ಬಸ್ಸಿನ ದಾರಿಗಳನ್ನು ಒಂದು ಮಾಡಿದ್ದರು. ಆ ದಾರಿಯಲ್ಲಿ ಮೊದಲು ಹತ್ತುವವಳೂ ಕೊನೆಗೆ ಇಳಿಯುವವಳೂ ಜೋಸಿಯೇ. ಬಸ್ಸು ಪಶ್ಚಿಮದ ಗುಡ್ಡಗಳನ್ನೆಲ್ಲ ಸುತ್ತಿ, ಮನೆಮನೆಯ ಮುಂದೆ ನಿಂತು, ಓಸ್ಟರ್ವಿಕ್ ಸೇರುವಾಗ ಹೆಚ್ಚುಕಡಿಮೆ ಎರಡು ಗಂಟೆ. ಜಲ್ಲಿ ರಸ್ತೆಯ ಮೇಲೆಲ್ಲ ಅಲೆ ಅಲೆಯಾಗಿ ಗೀರು. ಕೂತವರ ಹಲ್ಲು ಕಟಕಟ ಎನ್ನಬೇಕು. ಆ ಹುಡುಗಿಗೆ ಬಸ್ಸಿನ ವಾಂತಿ. ಆರನೇ ತರಗತಿಯ ಮಗು ಮಡಿಲಲ್ಲಿ ಮುಚ್ಚಳದ ಕಾಫಿ ಡಬ್ಬಿ ಇಟ್ಟುಕೊಂಡು ಶಾಲೆಗೆ ಹೋಗುತ್ತಿತ್ತು. ಸಂಜೆ ಬಂದು ಹಿತ್ತಲಿನ ನಲ್ಲಿಯಲ್ಲಿ ತಾನೇ ಡಬ್ಬಿ ತೊಳೆದು ಬೋರಲು ಹಾಕುತ್ತಿತ್ತು. ಬೆಳಗಿನ ತಿಂಡಿಯನ್ನೇ ಬಿಟ್ಟುಬಿಟ್ಟಿತು. ತಾಯಿ ಕೊರೀನ್ ಕೌಂಟಿಯ ಪೂರ್ವದ ಅಂಚಿನ ವೃದ್ಧರ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಮಾಡುವವಳು, ಕತ್ತಲಲ್ಲೇ ಹೊರಡಬೇಕು. ಡ್ಯಾರೆಲ್ ಯಾವುದೋ ಹೊಲದಲ್ಲಿ ಕೆಸರಿನಲ್ಲಿರುತ್ತಿದ್ದ. ಕರೆದುಕೊಂಡು ಹೋಗುವವರು ಯಾರು?

ಹಾಗಿದ್ದೂ ಅವನು ಮಗಳಿಗೆ, ಸ್ವಲ್ಪ ತಡ್ಕೋ, ಅಭ್ಯಾಸ ಆಗುತ್ತೆ, ಎನ್ನುತ್ತಲೇ ಬಂದ. ಒಂದು ಸಂಜೆ ಡಬ್ಬಿ ತೊಳೆಯುತ್ತಾ ಜೋಸಿ ತಲೆ ಎತ್ತದೆ ಹೇಳಿದಳು:

"ಹತ್ತನೇ ಕ್ಲಾಸಿನವರೆಗೆ ಹೋಗ್ತೀನಿ ಅಪ್ಪಾ. ಆಮೇಲೆ ಬಿಟ್ಬಿಡ್ತೀನಿ. ನೀನೂ ಬಿಟ್ಯಲ್ಲ, ನಿಂಗೇನೂ ಆಗ್ಲಿಲ್ವಲ್ಲ."

 ಡ್ಯಾರೆಲ್ ಹೋಗಿ ವೆಲ್ಡಿಂಗ್ ಕೊಟ್ಟಿಗೆಯ ಸೂರು ಹತ್ತಿ ಕೂತ. ಅಲ್ಲಿಂದ ಬಡಗಣಕ್ಕೆ ನೋಡಿದರೆ ಪಕ್ಕದ ಊರು ಸ್ಟೆಲ್ಟನ್ನಿನ ಶಾಲೆಯ ಆಟದ ಮೈದಾನದ ದೀಪದ ಕಂಬಗಳು ಕಾಣುತ್ತವೆ. ನೆಟ್ಟಗೆ ಹೋದರೆ ಗಾಡಿಯ ರೇಡಿಯೋದಲ್ಲಿ ಎರಡು ಹಾಡು ಮುಗಿಯುವುದರೊಳಗೆ ತಲುಪಬಹುದು. ಆದರೆ ಅದು ಬೇರೆ ಶಾಲಾ ಜಿಲ್ಲೆ; ನೆಲ ಯಾವ ಜಿಲ್ಲೆಯಲ್ಲಿದೆಯೋ ತೆರಿಗೆಯೂ ಬಸ್ಸೂ ಆ ಜಿಲ್ಲೆಯ ಶಾಲೆಯದೇ. ಜಿಲ್ಲೆಯ ಗಡಿ ಎಲ್ಡನ್ ನೈಕ್ವಿಸ್ಟನ ಹೊಲದ ಆಚೆ ಅಂಚಿನಲ್ಲಿದೆ.

ಮರುದಿನದಿಂದ ಅವನು ದಾರಿ ಹುಡುಕಲು ಹೊರಟ. ದಾರಿಗಳಿಗೇನೂ ಕೊರತೆ ಇರಲಿಲ್ಲ, ಹೋದಲ್ಲೆಲ್ಲ ಒಂದೊಂದು ತೋರಿಸಿದರು, ಒಂದೂ ಮುಂದೆ ಹೋಗಲಿಲ್ಲ. ಸ್ಟೆಲ್ಟನ್ ಶಾಲೆಯ ಮುಖ್ಯಸ್ಥ ನುಣ್ಣಗೆ ಕ್ಷೌರ ಮಾಡಿಕೊಂಡ ಹುಡುಗ. ಬೇರೆ ಜಿಲ್ಲೆಯ ಮಕ್ಕಳನ್ನೂ ತೆಗೆದುಕೊಳ್ಳುತ್ತೇವೆ ಸರ್, ಆದರೆ ಬಸ್ಸು ಗಡಿ ದಾಟುವುದಿಲ್ಲ, ಮಗುವನ್ನು ಗಡಿಯವರೆಗೆ ನೀವೇ ತರಬೇಕು ಎಂದ. ತರುವವರು ಇದ್ದಿದ್ದರೆ ನಾನು ಇಲ್ಲಿ ಯಾಕೆ ನಿಂತಿರುತ್ತಿದ್ದೆ ಎಂದು ಡ್ಯಾರೆಲ್ ಕೇಳಿದ್ದಕ್ಕೆ ಆ ಹುಡುಗ ಒಂದು ಬಣ್ಣದ ಚೀಟಿ ಕೊಟ್ಟ. ಲೂಥರನ್ ಚರ್ಚಿನವರ ಶಾಲೆ ಆರನೇ ತರಗತಿಗೇ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ಪಾಠ ಕಲಿಯುವ ಏರ್ಪಾಡೂ ಇತ್ತು, ಆದರೆ ಅವರ ಮನೆಯಲ್ಲಿ ಗಾಳಿ ಬೀಸಿದರೆ ಸಂಪರ್ಕ ಹೋಗುತ್ತದೆ, ನೆಬ್ರಾಸ್ಕಾದಲ್ಲಿ ಗಾಳಿ ಬೀಸದ ದಿನ ಯಾವುದು? ಉಳಿದದ್ದು ಮನೆಯಲ್ಲೇ ಪಾಠ ಹೇಳುವುದು. ಅದನ್ನು ಹೇಳಿದಾಗ ಕೊರೀನ್ ನಕ್ಕು ನಕ್ಕು ಕುರ್ಚಿ ಹಿಡಿದು ಕೂತಳು.

"ಯಾರು, ನೀನಾ? ಅಳತೆ ಟೇಪು ಒಂದು ಗೆರೆ ಹೆಚ್ಚು ತೋರಿಸಿದ್ರೆ ಟೇಪಿಗೇ ಬೈಯೋನು ನೀನು. ನೀನು ಮಗೀಗೆ ಲೆಕ್ಕ ಹೇಳ್ಕೊಡ್ತೀಯಾ?"

ಕೊನೆಗೆ ಅವನು ಓಸ್ಟರ್ವಿಕ್ ಶಾಲಾ ಮಂಡಳಿಯ ಸಭೆಗೇ ಹೋದ. ಊರವರು ಮಾತಾಡಬೇಕಾದರೆ ಅಲ್ಲಿ ತಲೆಗೆ ಮೂರು ನಿಮಿಷ. ಡ್ಯಾರೆಲ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಎದ್ದು ನಿಂತ ಮೇಲೆ ಅವೆಲ್ಲ ಹಾರಿಹೋಗಿ ಬಣ್ಣದ ಮಾತು, ಮುಚ್ಚಿದ ಶಾಲೆಯ ಮಾತು, ಅಲ್ಲಿನ ಅಡುಗೆಯವಳು ಚಳಿಗಾಲದಲ್ಲಿ ಚಿಲ್ಲಿ ಸಾರಿನ ಜೊತೆ ಕೊಡುತ್ತಿದ್ದ ದಾಲ್ಚಿನ್ನಿ ರೋಲಿನ ಮಾತು ಬಂದು ಹೊತ್ತು ಮುಗಿಯಿತು. ಮಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಎಲ್ಡನ್ ಮೇಜು ಕುಟ್ಟಿದ.

"ನಿನ್ನ ಟೈಮು ಮುಗೀತು, ಡ್ಯಾರೆಲ್."

ಡ್ಯಾರೆಲ್ ಅಂಗಿಯೊಳಗಿಂದ ಕಾಫಿ ಡಬ್ಬಿ ತೆಗೆದು ಅಧ್ಯಕ್ಷನ ಮುಂದೆ ಟಣ್ಣೆಂದು ಇಟ್ಟ. ನನ್ನ ಮಗಳು ದಿನಾ ಇದನ್ನು ಮಡಿಲಲ್ಲಿ ಇಟ್ಟುಕೊಂಡು ನಿಮ್ಮ ಶಾಲೆಗೆ ಬರುತ್ತಾಳೆ ಎಂದ. ಆಮೇಲೆ ಸಭೆಯ ಟಿಪ್ಪಣಿ ಬರೆಯುವ ಹೆಂಗಸು ಬರೆದುಕೊಳ್ಳಲಾಗದ ಇನ್ನೊಂದು ಮಾತನ್ನೂ ಆಡಿ, ಬಾಗಿಲು ಬಡಿದು ಹೊರಟುಬಂದ. ಸಿಟ್ಟಿನಲ್ಲಿ ಡಬ್ಬಿಯನ್ನು ಅಲ್ಲೇ ಬಿಟ್ಟಿದ್ದ. ಮರುದಿನ ಜೋಸಿ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಸ್ಸು ಹತ್ತಬೇಕಾಯಿತು. ಅದಕ್ಕೆ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಆ ವಾರವೆಲ್ಲ ಕೊರೀನ್ ಅವನೊಂದಿಗೆ ಮಾತು ಬಿಟ್ಟಳು.

ಇದಾದ ಮೇಲೆ ಒಂದು ಸಂಜೆ ಜೋಸಿ ಕಣ್ಣರಳಿಸಿಕೊಂಡು ಬಂದಳು. ನೈಕ್ವಿಸ್ಟ್ ಅಜ್ಜ ಇವತ್ತು ತನ್ನ ಮನೆ ಮುಂದೆ ಬಸ್ಸು ನಿಲ್ಲಿಸಿ ಹತ್ತಿದನಂತೆ. ಚಾಲಕನ ಹಿಂದಿನ ಸೀಟಿನಲ್ಲಿ ಟೋಪಿ ಹಾಕಿಕೊಂಡು, ಜೋಸಿಯ ಅದೇ ಕಾಫಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಓಸ್ಟರ್ವಿಕ್‌ವರೆಗೆ ಬಂದನಂತೆ. ಡಬ್ಬಿಯನ್ನು ತನಗೆ ಕೊಡಲು ತಂದಿದ್ದಾನೆ ಎಂದು ಅವಳು ಕಾದಿದ್ದಳು.

"ಕೊಡ್ಲಿಲ್ವಾ?" ಎಂದ ಡ್ಯಾರೆಲ್.

"ಕೊಡೋಕೆ ಆಗ್ಲಿಲ್ಲ. ಗುಡ್ಡದ ಎರಡನೇ ತಿರುವಲ್ಲಿ ಅವರೇ ಅದಕ್ಕೆ ವಾಂತಿ ಮಾಡ್ಕೊಂಡ್ರು."

ಡ್ಯಾರೆಲ್ ನಕ್ಕ ನಗು ರಸ್ತೆಗೆ ಕೇಳಿಸಿರಬೇಕು. ಎಷ್ಟೋ ವರ್ಷದಿಂದ ಅವನಿಗೆ ಅಂಥ ಸಂತೋಷ ಸಿಕ್ಕಿರಲಿಲ್ಲ. ಮಾರನೇ ಬೆಳಿಗ್ಗೆ ಓಸ್ಟರ್ವಿಕ್‌ನ ಧಾನ್ಯದ ಗೋದಾಮಿನಲ್ಲಿ, ಗಂಡಸರೆಲ್ಲ ಕಾಫಿ ಕುಡಿಯುವ ಆ ಉದ್ದನೆಯ ಮೇಜಿನ ಮುಂದೆ, ಮುದುಕ ಡಬ್ಬಿ ಹಿಡಿದು ಬಾಗಿದ್ದನ್ನು ಅಭಿನಯಿಸಿ ತೋರಿಸಿದ. ಕೂತವರು ಮೇಜು ತಟ್ಟಿ ನಕ್ಕರು. ಎಲ್ಡನ್ ಮೇಜಿನ ಕೊನೆಯಲ್ಲಿ ತನ್ನ ಮಾಮೂಲಿ ಕುರ್ಚಿಯಲ್ಲೇ ಕೂತಿದ್ದ.  ಲೋಟ ಬರಿದು ಮಾಡಿ, ತೊಳೆದು, ಮೊಳೆಗೆ ನೇತುಹಾಕಿ ಹೋದ.

ಮುಂದಿನ ಸಭೆಯಲ್ಲಿ ಬಸ್ಸಿನ ದಾರಿಯನ್ನು ಮತ್ತೆ ಎರಡು ಮಾಡಬೇಕೆಂದು ಎಲ್ಡನ್ ತಾನೇ ಎದ್ದು ಕೇಳಿದನಂತೆ. ಉಳಿದವರೆಲ್ಲ ಇನ್ನೊಬ್ಬ ಚಾಲಕ ಎಲ್ಲಿಂದ ಬರಬೇಕು ಎಂದರು. ಅಧ್ಯಕ್ಷನ ಒಂದು ಕೈ ಬಿಟ್ಟರೆ ಬೇರೆ ಕೈ ಏಳಲಿಲ್ಲ. ಇದು ಡ್ಯಾರೆಲ್‌ನ ಕಿವಿಗೂ ಬಿತ್ತು. ತಾನು ಕಟ್ಟಿದ ಮಂಡಳಿಯಲ್ಲೇ ಮುದುಕನ ಮಾತು ನಡೆಯದಾಯಿತು, ಅನುಭವಿಸಲಿ ಎಂದುಕೊಂಡ.

ಅಷ್ಟರಲ್ಲಿ ಕೌಂಟಿ ಕಚೇರಿಯ ಗುಮಾಸ್ತೆ ಫಿಲಿಸ್ ಒಂದು ದಾರಿ ಹೇಳಿದಳು. ಟ್ರೇಲರಿನ ನೋಂದಣಿಗೆ ಹೋದವನು ಎಂದಿನಂತೆ ಕೂಗಾಡುತ್ತಿದ್ದ. ಅವನ ಬಾಯಿ ಮುಚ್ಚಿಸಲೆಂದೇ ಹೇಳಿದಳೋ ಏನೋ. ಜಮೀನಿನ ಒಡೆಯ ಅರ್ಜಿ ಹಾಕಿ ತನ್ನ ಜಮೀನನ್ನೇ ಪಕ್ಕದ ಶಾಲಾ ಜಿಲ್ಲೆಗೆ ಸೇರಿಸಿಕೊಳ್ಳಬಹುದು. ನೆಲ ಹೋದರೆ ತೆರಿಗೆ ಹೋಗುತ್ತದೆ, ಮಗು ಹೋಗುತ್ತದೆ, ಬಸ್ಸು ಮನೆ ಬಾಗಿಲಿಗೆ ಬರುತ್ತದೆ. ಒಂದೇ ಕಟ್ಟಳೆ: ಆ ಜಮೀನು ಪಕ್ಕದ ಜಿಲ್ಲೆಗೆ ತಾಗಿರಬೇಕು.

ಡ್ಯಾರೆಲ್ ಗೋಡೆಯ ನಕ್ಷೆಯ ಮುಂದೆ ಹೋಗಿ ಮೂಗು ತಾಗಿಸಿ ನಿಂತ. ಅವನ ಎಂಬತ್ತು ಎಕರೆ ಸ್ಟೆಲ್ಟನ್ ಜಿಲ್ಲೆಗೆ ತಾಗುವುದಿಲ್ಲ. ನಡುವೆ ನೈಕ್ವಿಸ್ಟನ ಜಮೀನು, ಮನೆ ಸಮೇತ, ಮಲಗಿದ ಎಮ್ಮೆಯ ಹಾಗೆ ಅಡ್ಡ ಬಿದ್ದಿತ್ತು. ಮೊದಲು ಅದು ಆ ಕಡೆ ಹೋದರೆ ಮಾತ್ರ ಇವನದು ಹೋಗಬಹುದು.

ಅವನಿಗೆ ಕೇಳುವ ಮನಸ್ಸಾದರೂ ಹೇಗೆ ಬರಬೇಕು? ಗೋದಾಮಿನಲ್ಲಿ ಡಬ್ಬಿ ಹಿಡಿದು ಕುಣಿದದ್ದು ಮೊನ್ನೆ ಮೊನ್ನೆ. ನಕ್ಷೆಯನ್ನು ತಿರುತಿರುಗಿ ನೋಡಿದ ಮೇಲೆ ಅವನ ಕಣ್ಣಿಗೆ ಇನ್ನೊಂದು ಸಂದು ಬಿತ್ತು. ಈಶಾನ್ಯದಲ್ಲಿ ವಿಧವೆ ವಿಲ್ಮಾಳ ಹೊಲ. ಅದು ಸ್ಟೆಲ್ಟನ್ ಗಡಿಗೆ ತಾಗಿದೆ. ಇವನ ಜಮೀನಿಗೂ ತಾಗಿದೆ, ಮೂಲೆಗೆ ಮೂಲೆ. ವಿಲ್ಮಾ ಒಳ್ಳೆಯವಳು, ಅವಳ ಹುಲ್ಲು ಕಟ್ಟುವ ಯಂತ್ರವನ್ನು ಇವನೇ ಬದುಕಿಸಿದ್ದ. ಅವಳು ಒಂದು ತಟ್ಟೆ ಗಸಗಸೆ ತುಂಬಿದ ಕೊಲಾಚಿ ಸಿಹಿಬನ್ನು ಮುಂದಿಟ್ಟು, ಮಾತು ಮುಗಿಯುವ ಮೊದಲೇ ಹೂಂ ಅಂದಳು. ಡ್ಯಾರೆಲ್ ಮನೆಗೆ ಬಂದು ಕೊರೀನಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಸ್ಟೆಲ್ಟನ್‌ಗೆ ಹೋಗುತ್ತೀಯ ಎಂದು ಜೋಸಿಗೂ ಹೇಳಿಬಿಟ್ಟ. ಅವಳು ಆ ರಾತ್ರಿಯೇ ಐಸ್‌ಕ್ರೀಮಿನ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದಳು.

ಮೂಲೆ ತಾಗಿದರೆ ತಾಗಿದಂತಲ್ಲ ಎಂದು ಫಿಲಿಸ್ ಹೇಳಿದ್ದು ಅದರ ಮರುದಿನ.

"ತಾಗಿದೆ ಅಂತ ನಕ್ಷೆಯಲ್ಲೇ ಇದೆಯಲ್ರೀ," ಎಂದು ಡ್ಯಾರೆಲ್ ಬೆರಳಿಟ್ಟು ತೋರಿಸಿದ. "ನಮ್ಮ ಹಸು ಅಲ್ಲಿಂದ ಆಚೆ ದಾಟುತ್ತೆ. ನಾನೇ ಎಷ್ಟು ಸಲ ಹಿಡ್ಕೊಂಡು ಬಂದಿದೀನಿ."

"ಹಸು ದಾಟುತ್ತೆ, ಜಿಲ್ಲೆ ದಾಟಲ್ಲ. ಬರೀ ಚುಕ್ಕೆ ಅದು. ಬೇಲಿಯಷ್ಟಾದ್ರೂ ಉದ್ದ ಜೊತೆಗಿರ್ಬೇಕು."

"ಚುಕ್ಕೆ ಅಂದ್ರೆ ನೆಲ ಅಲ್ವಾ?"

"ನೀನು ಆ ಚುಕ್ಕೆ ಮೇಲೆ ನಿಂತ್ಕೊಂಡು ತೋರಿಸು, ಆಮೇಲೆ ನೋಡೋಣ," ಎಂದು ಫಿಲಿಸ್ ಮುಂದಿನವರನ್ನು ಕರೆದಳು.

ಮನೆಗೆ ಬಂದರೆ ಜೋಸಿ ಕಸದ ಬುಟ್ಟಿಯಿಂದ ಡಬ್ಬಿಯನ್ನು ಎತ್ತಿ ತೊಳೆಯುತ್ತಿದ್ದಳು. ಕೊರೀನ್‌ಗೆ ಫಿಲಿಸ್ ಫೋನು ಮಾಡಿ ಹೇಳಿಯಾಗಿತ್ತು. ಕೂಗಾಡಿದ್ದರೆ, ಅತ್ತಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಡಬ್ಬಿ ಒರೆಸಿ ಬ್ಯಾಗಿನ ಪಕ್ಕ ಇಟ್ಟು ಮಲಗಲು ಹೋದ ಆ ಹುಡುಗಿಯ ಬೆನ್ನು ನೋಡಿ, ನಾಳೆ ನೈಕ್ವಿಸ್ಟನ ಹತ್ತಿರ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ. ಕೊರೀನ್, ಬಾಯಿ ಮನೆಯಲ್ಲಿ ಬಿಟ್ಟು ಹೋಗು ಎಂದಳು.

ಎಲ್ಡನ್ ಹಳ್ಳದ ಪಕ್ಕದ ಗೇಟಿನ ಹತ್ತಿರ ಸಿಕ್ಕಿದ. ಆ ಗೇಟು ಎಂದೋ ಕುಸಿದು, ತಂತಿ ಸುತ್ತಿಸಿಕೊಂಡು ಹೇಗೋ ನಿಂತಿತ್ತು; ಹೋದ ಸಲ ತೆಗೆದದ್ದನ್ನು ಮುಚ್ಚಲು ಮುದುಕ ಭುಜ ಕೊಟ್ಟು ಎತ್ತುತ್ತಿದ್ದ. ಡ್ಯಾರೆಲ್ ಪಿಕಪ್ ನಿಲ್ಲಿಸಿ ಇಳಿದು ಇನ್ನೊಂದು ತುದಿ ಎತ್ತಿದ. ನಮ್ಮ ಕಡೆ ಯಾರೂ ಬಂದ ಕೂಡಲೇ ಬಂದ ಕೆಲಸ ಹೇಳುವುದಿಲ್ಲ. ಮಳೆ ಎಷ್ಟು ಬಂತು, ಕರುಗಳು ಹೇಗಿವೆ ಎಂದು ಆಗಬೇಕು. ಆಮೇಲೆ ಹೊರಡುವವನಂತೆ ಗಾಡಿಯ ಬಾಗಿಲಿಗೆ ಕೈ ಹಾಕಿ, ಏನೋ ನೆನಪಾದವನಂತೆ ವಿಷಯ ಎತ್ತಬೇಕು. ಡ್ಯಾರೆಲ್ ಎಲ್ಲವನ್ನೂ ಕ್ರಮವಾಗಿ ಮಾಡಿದ. ಮಳೆ ಇಬ್ಬರಿಗೂ ಒಂದೇ ಬಂದಿತ್ತು. ಎಲ್ಡನ್‌ನ ಪಿಕಪ್ಪಿನ ಗಾಜಿನ ಹಿಂದೆ ಜೋಸಿಯ ಕಾಫಿ ಡಬ್ಬಿ ಕಂಡಿತು, ತುಂಬ ಬೇಲಿಯ ಮೊಳೆ. ಡ್ಯಾರೆಲ್ ಅದನ್ನು ನೋಡದವನಂತೆ ತನ್ನ ಗಾಡಿಯ ಬಾಗಿಲಿಗೆ ಕೈ ಹಾಕಿದ.

"ಅಂದ ಹಾಗೆ, ನಿಮ್ಮ ಈ ಜಮೀನು ಸ್ಟೆಲ್ಟನ್ ಕಡೆ ಹೋದ್ರೆ, ನಮ್ದೂ ಹೋಗ್ಬಹುದಂತೆ."

"ಗೊತ್ತು."

"ಗೊತ್ತಿದ್ದೂ ನನ್ನ ಬಾಯಲ್ಲಿ ಮಳೆ ಲೆಕ್ಕ ಹೇಳಿಸ್ತಾ ಇದೀರಾ?"

"ನೀನು ಕೇಳ್ದೆ, ನಾನು ಹೇಳ್ದೆ," ಎಂದ ಎಲ್ಡನ್. ತಂತಿಯ ಒಂದು ಸುತ್ತು ಸುತ್ತಿ, ಮತ್ತೆ ಎಂದ, "ಲಿಪ್ನಿಕ್ ಮುಚ್ಚಿದ್ದು ತಪ್ಪಾಯ್ತು ಅಂತ ನನ್ನ ಬಾಯಲ್ಲಿ ಬರಲ್ಲ. ಅದಕ್ಕೆ ಬಂದಿದ್ರೆ ಹೊರಡು. ಎರಡನೇ ಕ್ಲಾಸಲ್ಲಿ ನಾಲ್ಕು ಮಕ್ಕಳು ಕಣಯ್ಯಾ. ಸೂರು ಸೋರ್ತಿತ್ತು. ಇವತ್ತು ಕೇಳಿದ್ರೂ ಮುಚ್ತೀನಿ."

ಅಲ್ಲಿಗೆ ಕೊರೀನಳ ಬುದ್ಧಿಮಾತು ಹಳ್ಳಕ್ಕೆ ಬಿತ್ತು.

"ಮುಚ್ಚಿದ್ದು ಹಾಳಾಗ್ಲಿ. ಹೆಸರು ಅಳಿಸಿದ್ಯಲ್ಲ, ಅದು ಯಾವ ಸೂರು ಸೋರ್ತು ಅಂತ? ಹೊಡೆಸಿದ ಬಣ್ಣನಾದ್ರೂ ಒಂದು ಮನುಷ್ಯರು ಹೊಡೆಸೋ ಬಣ್ಣನಾ?"

"ಹೊಡೆದಿದ್ದು ನಿಮ್ಮ ಚಿಕ್ಕಪ್ಪನ ಮಗ. ಡಬ್ಬಿಗಟ್ಟಲೆ ಬಣ್ಣ ತರಿಸ್ಕೊಂಡು ಅರ್ಧ ತನ್ನ ದನದ ಕೊಟ್ಟಿಗೆಗೆ ಹಚ್ಕೊಂಡ. ಆ ಕೊಟ್ಟಿಗೆ ಹಳದಿ ಇರೋದು ನೋಡಿಲ್ವಾ ನೀನು?"

ಡ್ಯಾರೆಲ್ ನೋಡಿದ್ದ. ಕೌಂಟಿಯಲ್ಲೆಲ್ಲ ಹಳದಿ ಕೊಟ್ಟಿಗೆ ಇರುವುದು ಅದೊಂದೇ. ಎಷ್ಟು ಸಲ ಅದರ ಮುಂದೆ ನಿಂತು, ಅದೇ ತಮ್ಮನೊಂದಿಗೆ, ಈ ಎಲ್ಡನ್‌ನನ್ನೇ ಬೈದಿದ್ದ! ಉತ್ತರ ಸಿಗದಾಗ ಅವನಿಗೆ ಸಿಟ್ಟು ಇನ್ನೂ ಹೆಚ್ಚು. ಆ ಡಬ್ಬಿ ನಮ್ಮ ಮಗುವಿನದು, ಅದನ್ನಾದರೂ ಕೊಡು ಎಂದ. ನಾನು ಬಳಸಿ ಆಗಿದೆ, ಇನ್ನು ನನ್ನದೇ ಎಂದ ಎಲ್ಡನ್. ಡ್ಯಾರೆಲ್ ಜಲ್ಲಿ ಸಿಡಿಸಿಕೊಂಡು ಹೊರಟುಬಂದ. ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು, ದಯಮಾಡಿ ಎಂಬ ಮಾತು ತಾನು ಆಡಲೇ ಇಲ್ಲ. ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ.

ಆ ವಾರ ಮುಗಿಯುವ ಮೊದಲು ಫಿಲಿಸ್ ಫೋನು ಮಾಡಿ, ಬಂದು ಸಹಿ ಹಾಕು ಎಂದಳು. ಯಾತಕ್ಕೆ ಎಂದು ಗುಡುಗಿದ. ನೈಕ್ವಿಸ್ಟ್ ಬೆಳಿಗ್ಗೆಯೇ ಬಂದು ತನ್ನ ಅರ್ಜಿ ಕೊಟ್ಟು ಹೋಗಿದ್ದಾರೆ, ಅದರ ಹಿಂದೆ ನಿನ್ನದು ಇಡಬೇಕು ಎಂದಳು. ಡ್ಯಾರೆಲ್ ಕೆಲಸದ ಕೈಯಲ್ಲೇ ಓಡಿದ. ಸಹಿ ಹಾಕಿದ ಮೇಲೆ ಅವನಿಗೆ ನಕ್ಷೆಯ ಕಡೆ ಕಣ್ಣು ಹೋಯಿತು. ಆ ಜಮೀನಿನೊಳಗೇ ಅಲ್ಲವೇ ಮುದುಕನ ಮನೆ?

"ಮನೆ ಬಿಟ್ಟು, ಬರೀ ಅಂಚು ಕೊಡ್ಬಹುದಿತ್ತಲ್ಲ?"

"ತುಂಡು ಮಾಡಿ ಕೊಡೋ ಹಾಗಿಲ್ಲ. ಇದ್ದ ಹಾಗೇ ಹೋಗ್ಬೇಕು."

"ಹಾಗಾದ್ರೆ ಅವರು ಇನ್ಮೇಲೆ ಓಸ್ಟರ್ವಿಕ್ ಜಿಲ್ಲೆಯವರಲ್ಲ."

"ಅಲ್ಲ. ಅಲ್ಲಿಯವರಲ್ಲದವರು ಆ ಮಂಡಳೀಲಿ ಕೂರೋ ಹಾಗೂ ಇಲ್ಲ," ಎಂದು ಫಿಲಿಸ್ ಮೊಹರು ಒತ್ತಿದಳು. "ಆ ಕಟ್ಟಳೆ ಅವರಿಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಇಪ್ಪತ್ತು ವರ್ಷದಿಂದ ಹೊಸಬರಿಗೆಲ್ಲ ಅವರೇ ಓದಿ ಹೇಳೋರು."

ಕೌಂಟಿಯ ಮೂವರು ಅಧಿಕಾರಿಗಳು ಕೂತು ಎರಡೂ ಅರ್ಜಿಗಳನ್ನು ಒಪ್ಪಿದರು. ತಾನು ಜಗಳವಾಡಿ, ಬೈಸಿಕೊಂಡು, ಎರಡು ಊರನ್ನು ಒಂದು ಮಾಡಿ ಕಟ್ಟಿದ ಶಾಲೆಗೆ ಎಲ್ಡನ್ ನೈಕ್ವಿಸ್ಟ್ ಹೊರಗಿನವನಾದ. ಕುರ್ಚಿ ಬಿಟ್ಟ ದಿನ ಭಾಷಣವೂ ಇಲ್ಲ, ಏನೂ ಇಲ್ಲ. ಮೇಜು ಕುಟ್ಟುವ ಮರದ ಸುತ್ತಿಗೆಯನ್ನು ಪಕ್ಕದವನ ಮುಂದೆ ಸರಿಸಿ ಎದ್ದು ಹೋದನಂತೆ.

ಜೋಸಿಗೆ ಸ್ಟೆಲ್ಟನ್ ಬಸ್ಸು ಬಂದ ಮೊದಲ ಬೆಳಿಗ್ಗೆ ಡ್ಯಾರೆಲ್ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ. ಅವಳು ಬೆಳಕಿನಲ್ಲಿ ಎದ್ದಳು. ಎರಡು ಮೊಟ್ಟೆ ತಿಂದಳು, ಸುಟ್ಟ ಬ್ರೆಡ್ ತಿಂದಳು, ಇನ್ನೊಂದು ಮೊಟ್ಟೆ ಇದೆಯಾ ಎಂದಳು. ಬೆಳಿಗ್ಗೆ ಊಟ ಮಾಡುವ ಮಗಳ ಮುಖವನ್ನು ಅವನು ಮರೆತೇಬಿಟ್ಟಿದ್ದ. ಬಸ್ಸು ಬಂತು, ಹತ್ತಿದಳು, ಬರಿಗೈಯಲ್ಲಿ.

ಗೋದಾಮಿನ ಮೇಜಿನಲ್ಲಿ ಮಾತ್ರ ಬೇರೆ ಮಾತು ಎದ್ದಿತ್ತು. ಒಂದು ಹೊಲ ಹೋದರೆ ಶಾಲೆಗೆ ಅಷ್ಟು ತೆರಿಗೆ ಹೋದಂತೆ. ಅದನ್ನು ಬೇರೆ ಯಾರಾದರೂ ಮಾಡಿದ್ದರೆ ಬೈದು ಬಿಡುತ್ತಿದ್ದರು, ಮಾಡಿದ್ದು ಅಧ್ಯಕ್ಷ. ಝೌಬೆಕ್ ಏನು ಕೊಟ್ಟ ಎಂದು ಕೇಳಿದರು. ಬದುಕಿರುವಷ್ಟು ದಿನ ಪುಕ್ಕಟೆ ವೆಲ್ಡಿಂಗ್ ಎಂದ ಒಬ್ಬ. ಡ್ಯಾರೆಲ್ ಎದ್ದು ನಿಂತು, ನಾನು ಮೂರು ಕಾಸಿನದ್ದೂ ಕೊಟ್ಟಿಲ್ಲ, ಮುದುಕ ಕೇಳಿಯೂ ಇಲ್ಲ ಎಂದು ಮುಖ ಕೆಂಪಗೆ ಮಾಡಿಕೊಂಡು ಎಷ್ಟು ಜೋರಾಗಿ ಕೂಗಿದನೆಂದರೆ, ಅಲ್ಲಿಯವರೆಗೆ ನಂಬದಿದ್ದವರೂ ಏನೋ ಕೊಟ್ಟಿದ್ದಾನೆಂದು ನಂಬಿದರು. ಎಲ್ಡನ್ ತನ್ನ ಕುರ್ಚಿಯಲ್ಲೇ ಇದ್ದ. ಕಾಫಿ ಪಾತ್ರೆ ಮೇಜಿನ ಸುತ್ತ ಬಂದು, ಅವನ ಪಕ್ಕದವನ ಹತ್ತಿರ ನಿಂತು, ಹಿಂದಕ್ಕೆ ಹೋಯಿತು. ಅವನು ಎದ್ದು ತಾನೇ ಬಗ್ಗಿಸಿಕೊಂಡ.

 ಡ್ಯಾರೆಲ್‌ಗೆ ಮಾತಿನಲ್ಲಿ ಉಪಕಾರ ನೆನೆದು ಗೊತ್ತಿಲ್ಲ, ಕೈಯಿಂದ ಆಗುವುದು ಮಾತ್ರ ಗೊತ್ತು. ಹಳ್ಳದ ಆ ಕುಸಿದ ಗೇಟು ನೆನಪಾಯಿತು. ದಪ್ಪ ಕೊಳವೆ ತಂದು, ಅಳೆದು, ಟೇಪಿಗೆ ಒಂದೂ ಬೈಯದೆ, ಒಂದು ಗೇಟು ಮಾಡಿದ. ಅಂಥದ್ದನ್ನು ಅವನು ದುಡ್ಡಿಗೂ ಯಾರಿಗೂ ಮಾಡಿಕೊಟ್ಟಿರಲಿಲ್ಲ. ಬೆಸುಗೆಯ ಗೆರೆ ಮಣಿ ಪೋಣಿಸಿದ ಹಾಗಿತ್ತು. ಕಿರುಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತಿರುಗುತ್ತಿತ್ತು. ಎಲ್ಡನ್ ಚರ್ಚಿಗೆ ಹೋದ ಭಾನುವಾರ ನೋಡಿ ಅದನ್ನು ನಿಲ್ಲಿಸಿ, ಹಳೆಯದನ್ನು ಕಿತ್ತು ತಂದು ತನ್ನ ಗುಜರಿ ರಾಶಿಗೆ ಎಸೆದ.

ಸೋಮವಾರ ಸಂಜೆ ಕೆಲಸದಿಂದ ಬಂದರೆ ಹೊಸ ಗೇಟು ಡ್ಯಾರೆಲ್‌ನ ಟಪಾಲು ಪೆಟ್ಟಿಗೆಯ ಕಂಬಕ್ಕೆ ಒರಗಿ ನಿಂತಿತ್ತು. ಗುಜರಿ ರಾಶಿಯಲ್ಲಿ ಹಳೆಯ ಗೇಟು ಇರಲಿಲ್ಲ. ಅವನು ಇಳಿಯಲೂ ಇಲ್ಲ, ಗಾಡಿ ತಿರುಗಿಸಿ ನೇರ ಹಳ್ಳದ ಹತ್ತಿರ ಹೋದ. ಮುದುಕ ಹಳೆಯದಕ್ಕೆ ತಂತಿ ಸುತ್ತುತ್ತಿದ್ದ. ಈ ಸಲ ಮಳೆಯ ಮಾತು, ಕರುವಿನ ಮಾತು ಯಾವುದೂ ಆಗಲಿಲ್ಲ.

"ಏನು ಕೊರತೆ ಅದಕ್ಕೆ? ಹೇಳಿ."

"ಕೊರತೆ ಇಲ್ಲ. ಒಳ್ಳೇ ಗೇಟು."

"ಮತ್ತೆ?"

"ಅದು ಇಲ್ಲಿ ನಿಂತ್ರೆ, ರಸ್ತೇಲಿ ಹೋಗೋ ಪ್ರತಿಯೊಬ್ಬನೂ ನೋಡ್ತಾನೆ. ಝೌಬೆಕ್ ಕೈಕೆಲಸ ಅಂತ ಯಾರಿಗೆ ಗೊತ್ತಾಗಲ್ಲ? ಓ, ಗೇಟಿಗೆ ಮಾರ್ಕೊಂಡ ಅಂತಾರೆ." ಎಲ್ಡನ್ ತಂತಿಯ ತುದಿ ಬಗ್ಗಿಸಿದ. "ನಾನು ಮಾರಿಲ್ಲ. ನಿನ್ನಿಂದ ಒಂದು ಮೊಳೆ ತಗೊಂಡ್ರೂ, ರಸ್ತೇಲಿ ನಿಂಗೊಂದು ಬೆರಳು ಎತ್ತಿದ್ರೂ ಮಾರಿದ ಹಾಗೇ ಆಗುತ್ತೆ. ಅಷ್ಟೇ."

"ನಂಗೆ ಇನ್ನೊಬ್ಬರ ಋಣ ಹೊತ್ಕೊಂಡು ಅಭ್ಯಾಸ ಇಲ್ಲ ಸ್ವಾಮಿ."

"ಅಭ್ಯಾಸ ಮಾಡ್ಕೊ," ಎಂದ ಎಲ್ಡನ್. "ಮಗು ಹೇಗಿದೆ?"

"ಮೊಟ್ಟೆ ತಿಂತಾಳೆ," ಎಂದ ಡ್ಯಾರೆಲ್.

ಎಲ್ಡನ್ ತಲೆಯಾಡಿಸಿ, ಕಾಫಿ ಡಬ್ಬಿಯಿಂದ ಇನ್ನೊಂದು ಮೊಳೆ ತೆಗೆದುಕೊಂಡ. ಅವರಿಬ್ಬರ ನಡುವೆ ಮಾತು ಅಂತ ಆದದ್ದು ಅದೇ ಕೊನೆ.

ಈಗ ಜೋಸಿ ಹತ್ತನೇ ತರಗತಿ ದಾಟಿದ್ದಾಳೆ. ಬಿಡುವ ಮಾತೇ ಎತ್ತಿಲ್ಲ. ಡ್ಯಾರೆಲ್ ಊಟದ ಮೇಜಿನಲ್ಲಿ ತಾನು ಶಾಲೆ ಬಿಟ್ಟ ಕಥೆ ಹೇಳುವುದನ್ನು ನಿಲ್ಲಿಸಿದ್ದಾನೆ. ಬಸ್ಸಿನ ಬಣ್ಣದ ಕಥೆ ನಿಲ್ಲಿಸಿಲ್ಲ, ಚಿಕ್ಕಪ್ಪನ ಮಗನನ್ನೂ ಅದರೊಳಗೆ ಸೇರಿಸಿಕೊಂಡು ಹೇಳುತ್ತಾನೆ. ಗೇಟು ಟಪಾಲು ಪೆಟ್ಟಿಗೆಗೆ ಒರಗಿಯೇ ಇದೆ. ಬಳ್ಳಿ ಹಬ್ಬಿದೆ. ಕೊಳ್ಳುತ್ತೇನೆಂದು ಕೇಳಿದವರಿಗೆ, ಅದು ನನ್ನದಲ್ಲ ಎನ್ನುತ್ತಾನೆ. ಹಾಗಾದರೆ ಯಾರದು ಎಂದರೆ ಬೈದು ಕಳಿಸುತ್ತಾನೆ.

ಜಲ್ಲಿ ರಸ್ತೆಯಲ್ಲಿ ಎಲ್ಡನ್‌ನ ಪಿಕಪ್ ಎದುರು ಬರುವಾಗ ಡ್ಯಾರೆಲ್ ಈಗ ದೂರದಿಂದಲೇ ಬೆರಳು ಎತ್ತುತ್ತಾನೆ. ಒಂದು ಬೆರಳಲ್ಲ, ಒಮ್ಮೊಮ್ಮೆ ಇಡೀ ಕೈ. ಮುದುಕ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ರಸ್ತೆಯಲ್ಲಿ ಬೇರೆ ಯಾರೂ ಇಲ್ಲ ಎನ್ನುವಂತೆ ನೆಟ್ಟಗೆ ನೋಡಿಕೊಂಡು ಹೋಗುತ್ತಾನೆ. ಗಾಜಿನ ಹಿಂದೆ ಆ ಡಬ್ಬಿ ಅಲುಗಾಡುತ್ತಾ ಹೋಗುತ್ತದೆ. ಧೂಳು ಕವಿಯುತ್ತದೆ. ಡ್ಯಾರೆಲ್ ಕೈ ಇಳಿಸಿ, ಕಿಟಕಿ ಗಾಜು ಏರಿಸಿ, ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಗಾಡಿಯೊಳಗೇ ಬೈಯುತ್ತಾನೆ. ಮರುದಿನ ಮತ್ತೆ ಎತ್ತುತ್ತಾನೆ.